ಅಂಕಿತವೂ ಒಡೆತನವೂ

ಅಮೆರಿಕದ ಮೇರಿಲ್ಯಾಂಡ್ ಪ್ರಾಂತದಲ್ಲಿ 1990ರಲ್ಲಿ ಜನಿಸಿ, ಬಡತನವೂ ಕಲಹವೂ ತುಂಬಿದ ಮನೆಯಲ್ಲಿ ಬೆಳೆದು, ಲಾಜಿಕ್ ಎಂಬ ಹೆಸರನ್ನು ಧರಿಸಿ ಹಾಡತೊಡಗಿದ ರಾಬರ್ಟ್ ಬ್ರೈಸನ್ ಹಾಲ್ ಎಂಬ ರ‍್ಯಾಪ್ ಗಾಯಕನು, ಡೆಫ್ ಜ್ಯಾಮ್ ಎಂಬ ಹೆಸರಾಂತ ಧ್ವನಿಮುದ್ರಣ ಸಂಸ್ಥೆಯ ಒಪ್ಪಂದದಲ್ಲಿ ಸುಮಾರು ಒಂದು ದಶಕ ಕಳೆದು, 2022ರಲ್ಲಿ ಆ ಸಂಸ್ಥೆಗೆ ಸಲ್ಲಬೇಕಾಗಿದ್ದ ಕಡೆಯ ಆಲ್ಬಮ್ಮನ್ನು ಸಲ್ಲಿಸಿ ಹೊರಬಂದನು. ಮರುವರ್ಷ ಫೆಬ್ರವರಿ 24ರಂದು ಅವನು ಸ್ವತಂತ್ರನಾಗಿ ಪ್ರಕಟಿಸಿದ ಮೊದಲ ಆಲ್ಬಮ್ಮಿನ ಹೆಸರು ‘ಕಾಲೇಜ್ ಪಾರ್ಕ್’. ಅದು ಅವನ ಸೀಮೆಯ ಒಂದು ಊರಿನ ಹೆಸರು. ಬಿಡುಗಡೆ ಹೊಂದಿದವನು ಮೊದಲು ಮಾಡಿದ ಕೆಲಸವು ಗಮನಾರ್ಹವಾದುದು. ಪ್ರಸಿದ್ಧಿ ಬರುವ ಮುನ್ನ, ಜೇಬಿನಲ್ಲಿ ಕಾಸಿಲ್ಲದಿದ್ದ ಕಾಲದಲ್ಲಿ, ಗೆಳೆಯರ ಗುಂಪಿನೊಡನೆ ಕಾರೇರಿ ಒಂದು ಸಂಗೀತ ಕಛೇರಿಗೆ ಹೊರಟ ದಿನದ ವೃತ್ತಾಂತವನ್ನು ಆತ ಹಾಡಿನಿಂದ ಹಾಡಿಗೆ, ನಡುನಡುವೆ ಗೆಳೆಯರ ಹರಟೆಯ ಸಮೇತ, ಒಂದೇ ಕಥೆಯಾಗಿ ಹೆಣೆದನು. ಕಂಪನಿಯ ಹಂಗು ಹರಿದೊಡನೆ ಅವನಿಗೆ ನೆನಪಾದುದು ತನ್ನ ಊರು.

ಈ ಸಂಗತಿಗೂ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಿಗೂ ಏನು ಸಂಬಂಧವೆಂದು ಕೇಳುವವರು ಉಂಟು. ಅವರಿಗೆ ಹೇಳತಕ್ಕ ಮಾತು ಇಷ್ಟು: ಅಲ್ಲಿನ ಹುಡುಗರ ಕೈಯ ಮೊಬೈಲಿನಲ್ಲಿಯೂ ಇಂದು ರ‍್ಯಾಪ್ ಕೇಳಿಬರುತ್ತಿರುವುದಷ್ಟೆ; ಅದನ್ನು ಕೇಳಿ ತಾವೂ ನಾಲ್ಕು ಸಾಲು ಕಟ್ಟಿ ಯೂಟ್ಯೂಬಿಗೆ ಏರಿಸಬಯಸುವ ತರುಣರಿಗೆ ‘ಸ್ವತಂತ್ರ ಕಲಾವಿದ’ ಎಂಬ ಬಿರುದು ಬಹು ಮೋಹಕವಾಗಿ ಕಾಣುವುದು ಸಹಜ. ಆದರೆ ಹಾಡುವವನ ಸ್ವಾತಂತ್ರ್ಯವೆಂಬುದು ಭೀಮಾತೀರಕ್ಕೆ ಹೊಸದಾಗಿ ಬಂದ ಸರಕಲ್ಲ. ಒಡೆತನದ ಪತ್ರವಿಲ್ಲದೆಯೂ ತನ್ನ ಮಾತಿಗೆ ತಾನೇ ಹೊಣೆಯಾಗಿ ನಿಂತ ಹಾಡುಗಾರರ ಪರಂಪರೆ ಅಲ್ಲಿ ಇನ್ನೂರು ವರ್ಷಗಳಿಂದ ಇದೆ. ಹೊಸ ರ‍್ಯಾಪರನು ಒಡೆತನವನ್ನು ಅಮೆರಿಕದಿಂದ ಕಲಿಯಲಿ; ಹೊಣೆಯನ್ನು ಮಾತ್ರ ತನ್ನ ಊರಿನಿಂದಲೇ ಕಲಿಯಬಹುದು ಎಂಬುದು ಈ ಲೇಖನದ ಅಭಿಪ್ರಾಯ.

ರ‍್ಯಾಪಿನ ಹುಟ್ಟನ್ನು ಮೊದಲು ನೋಡೋಣ. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಸೆಡ್ಜ್‌ವಿಕ್ ಅವೆನ್ಯೂವಿನ 1520ನೆಯ ಸಂಖ್ಯೆಯ ವಸತಿಗೃಹದಲ್ಲಿ, 1973ರ ಆಗಸ್ಟ್ 11ರಂದು, ಸಿಂಡಿ ಕ್ಯಾಂಬೆಲ್ ಎಂಬ ತರುಣಿಯು ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಕೂಡಿಸಬೇಕೆಂದು ಒಂದು ನೃತ್ಯಕೂಟವನ್ನು ಏರ್ಪಡಿಸಿ, ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಪ್ರವೇಶಧನವನ್ನು ಗೊತ್ತುಮಾಡಿದಳು. ಜಮೈಕಾದಿಂದ ವಲಸೆ ಬಂದಿದ್ದ ಕುಟುಂಬದ ಅವಳ ಅಣ್ಣ ಕ್ಲೈವ್, ಡಿಜೆ ಕೂಲ್ ಹರ್ಕ್ ಎಂದು ಖ್ಯಾತನಾದವನು, ಆ ಕೂಟಕ್ಕೆ ಗ್ರಾಮಫೋನ್ ತಟ್ಟೆಗಳನ್ನು ನುಡಿಸಿದನು. ಹಾಡಿನ ನಡುವೆ ಕಂಠವೂ ಇತರ ವಾದ್ಯಗಳೂ ನಿಂತು ಬರಿಯ ತಾಳವಾದ್ಯ ನುಡಿಯುವ ಕೆಲವು ಕ್ಷಣಗಳಲ್ಲಿಯೇ ಕುಣಿಯುವವರಿಗೆ ಹುರುಪು ಹೆಚ್ಚೆಂಬುದನ್ನು ಕಂಡುಕೊಂಡ ಅವನು, ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಲೆ ಇನ್ನೊಂದರಲ್ಲಿ ಅದನ್ನೇ ಆರಂಭಿಸಿ, ಕ್ಷಣಗಳ ತಾಳವನ್ನು ನಿಮಿಷಗಳಿಗೆ ಹಿಗ್ಗಿಸುತ್ತಿದ್ದನು. ಆ ತಾಳದ ಮೇಲೆ ಕೂಗಿ ಹೇಳಿದ ಪ್ರಾಸಬದ್ಧ ಮಾತುಗಳೇ ಮುಂದೆ ರ‍್ಯಾಪ್ ಎನಿಸಿಕೊಂಡವು. ಹೀಗೆ ಹುಟ್ಟಿನಲ್ಲಿ ಅದು ಯಾವ ಕಂಪನಿಯ ಸೊತ್ತೂ ಆಗಿರಲಿಲ್ಲ. ಕಂಪನಿಗಳು ಬಾಗಿಲಿಗೆ ಬಂದದ್ದು ಅನಂತರ. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್ ತಂಡದ ಹಾಡೊಂದು ತಟ್ಟೆಯಾಗಿ ಬಂದು ಅಪಾರವಾಗಿ ಮಾರಾಟವಾದ ಮೇಲೆಯೇ, ಈ ಬೀದಿಯ ಮಾತಿನಲ್ಲಿ ಬಂಡವಾಳಕ್ಕೆ ಲಾಭವಿದೆಯೆಂಬ ಅರಿವು ವ್ಯಾಪಾರಿಗಳಿಗೆ ಉಂಟಾದುದು.

ಕಂಪನಿಯ ಒಪ್ಪಂದದ ಒಳಗುಟ್ಟು ತಿಳಿಯದೆ ಸ್ವಾತಂತ್ರ್ಯದ ಬೆಲೆ ತಿಳಿಯದು. ಅಡತಿ ಅಂಗಡಿಯ ಸಾವುಕಾರನಿಂದ ಬಿತ್ತನೆಗೆ ಮುಂಗಡ ಪಡೆದ ರೈತನು, ರಾಶಿಯಾದ ತೊಗರಿಯನ್ನು ಅದೇ ಅಂಗಡಿಗೆ ಸಾವುಕಾರ ಹೇಳಿದ ದರಕ್ಕೆ ಸುರಿದು, ಲೆಕ್ಕ ಚುಕ್ತಾ ಆದಮೇಲೆ ಉಳಿದದ್ದನ್ನು ಮನೆಗೆ ತರುವಂತೆಯೇ ಇದು. ಕಂಪನಿಯು ಗಾಯಕನಿಗೆ ಮುಂಗಡವಾಗಿ ಕೊಡುವ ಹಣವು ಬಹುಮಾನವಲ್ಲ. ಧ್ವನಿಮುದ್ರಣದ ವೆಚ್ಚದೊಡನೆ ಅದೆಲ್ಲವೂ ಗಾಯಕನ ಪಾಲಿನ ಗೌರವಧನದಿಂದ ವಜಾ ಆಗಿ ತೀರುವವರೆಗೆ ಅವನಿಗೆ ಹೊಸದಾಗಿ ಕಾಸು ಸೇರದು. ತೀರಿದ ಮೇಲೂ ಮೂಲ ಧ್ವನಿಮುದ್ರಿಕೆಯ, ಎಂದರೆ ‘ಮಾಸ್ಟರ್’ ಎಂದು ಕರೆಯಲ್ಪಡುವ ಆ ಆದಿಪ್ರತಿಯ, ಒಡೆತನವು ಸಾಮಾನ್ಯವಾಗಿ ಕಂಪನಿಯಲ್ಲಿಯೇ ಉಳಿಯುತ್ತದೆ. ಹಾಡು ಹುಟ್ಟಿದುದು ಇವನ ಕಂಠದಲ್ಲಿ, ಅನುಭವ ಇವನದು, ಹೆಸರು ಇವನದು. ಆದರೂ ಅದನ್ನು ಎಲ್ಲಿ, ಯಾವಾಗ, ಯಾವ ದರಕ್ಕೆ ಕೇಳಿಸತಕ್ಕುದೆಂದು ನಿರ್ಣಯಿಸುವ ಅಧಿಕಾರ ಇವನದಲ್ಲ.

ಈ ಕಟ್ಟಿನಿಂದ ಬಿಡಿಸಿಕೊಂಡವರ ಮಾರ್ಗಗಳು ಬಗೆಬಗೆಯಾಗಿವೆ. ಲಾಸ್ ಏಂಜಲಿಸ್ ನಗರದ ನಿಪ್ಸಿ ಹಸಲ್ ಎಂಬಾತನು ದೊಡ್ಡ ಕಂಪನಿಯೊಂದರಿಂದ ಹೊರಬಿದ್ದು, 2013ರಲ್ಲಿ ತನ್ನ ಬಡಾವಣೆಯ ಹೆಸರನ್ನೇ ಇಟ್ಟ ‘ಕ್ರೆನ್‌ಶಾ’ ಎಂಬ ಹಾಡುಗಳ ಗುಚ್ಛವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಬಿಟ್ಟುಕೊಟ್ಟು, ಅದರ 1000 ಭೌತಿಕ ಪ್ರತಿಗಳಿಗೆ ಮಾತ್ರ ತಲಾ 100 ಡಾಲರು ಬೆಲೆಯಿಟ್ಟನು. ಹಿರಿಯ ಗಾಯಕ ಜೇ-ಜೀ ಒಬ್ಬನೇ ನೂರು ಪ್ರತಿಗಳನ್ನು ಕೊಂಡುದು ಅಂದಿನ ದೊಡ್ಡ ವಾರ್ತೆ. ಷಿಕಾಗೋ ನಗರದ ಚಾನ್ಸ್ ಎಂಬ ರ‍್ಯಾಪರನು ಯಾವ ಕಂಪನಿಗೂ ಸಹಿ ಹಾಕದೆಯೇ ಹಾಡಿ, ತಟ್ಟೆಯಾಗಿ ಮಾರದೆ ಅಂತರ್ಜಾಲದಲ್ಲಿ ಮಾತ್ರ ಕೇಳಿಸಿದ ‘ಕಲರಿಂಗ್ ಬುಕ್’ ಎಂಬ ಕೃತಿಗಾಗಿ 2017ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದನು. ಇವರೀರ್ವರಲ್ಲಿ ಸಮಾನವಾದ ಅಂಶವೊಂದುಂಟು: ಇಬ್ಬರೂ ಮೊದಲು ತಮ್ಮ ಬಡಾವಣೆಯ ಜನಕ್ಕೆ ಬೇಕಾದವರಾಗಿದ್ದರು, ಲೋಕ ಆಮೇಲೆ ಬಂದಿತು.

ಕನ್ನಡಕ್ಕೆ ಬಂದರೆ ರ‍್ಯಾಪಿನ ತವರು ಬಹುಮಟ್ಟಿಗೆ ಬೆಂಗಳೂರೇ. ಬ್ರೋಧಾ ವಿ ಎಂಬ ಹೆಸರಿನ ವಿಘ್ನೇಶ್ ಶಿವಾನಂದರು ಇಂಗ್ಲಿಷಿನ ಬಿರುಸಾದ ಸಾಲುಗಳ ಜೊತೆಗೆ ನಮ್ಮ ಭಜನೆಯ ಧಾಟಿಯನ್ನು ಬೆರೆಸಿ 2012ರ ಸುಮಾರಿಗೆ ಹೆಸರು ಮಾಡಿದರು. ಆಲ್ ಓಕೆ ಎಂದು ಖ್ಯಾತರಾದ ಅಲೋಕ್ ಬಾಬು ಅವರು ತಮ್ಮದೇ ಯೂಟ್ಯೂಬ್ ವಾಹಿನಿಯಲ್ಲಿ ಕನ್ನಡ ಹಾಡುಗಳನ್ನು ಬಿಡುತ್ತ, ಚಲನಚಿತ್ರದ ನೆರವಿಲ್ಲದೆಯೂ ಕನ್ನಡ ಹಾಡು ಮನೆಮನೆ ಮುಟ್ಟಬಹುದೆಂಬುದನ್ನು ತೋರಿಸಿಕೊಟ್ಟರು. ಚಂದನ್ ಶೆಟ್ಟಿಯವರು 2018ರಲ್ಲಿ ‘ಬಿಗ್ ಬಾಸ್’ ಸ್ಪರ್ಧೆಯನ್ನು ಗೆದ್ದ ಮೇಲಂತೂ ರ‍್ಯಾಪ್ ಎಂಬ ಶಬ್ದ ಹಳ್ಳಿಯ ಅಜ್ಜಿಯರಿಗೂ ಪರಿಚಿತವಾಯಿತು. ಅದೇ ಚಂದನ್ ಶೆಟ್ಟಿಯವರು 2020ರಲ್ಲಿ ಮಲೆಯ ಮಾದೇಶ್ವರನ ಜಾನಪದ ಪದವೊಂದನ್ನು ಹೊಸ ತಾಳಕ್ಕೆ ಅಳವಡಿಸಿ ಚಿತ್ರಿಸಿದಾಗ, ಅದರಲ್ಲಿ ಶರಣೆ ಸಂಕವ್ವೆಯನ್ನು ತೋರಿಸಿದ ರೀತಿಗೆ ಭಕ್ತರಿಂದ ಆಕ್ಷೇಪವೆದ್ದು, ಅವರು ಕ್ಷಮೆ ಕೇಳಿ ಆ ದೃಶ್ಯಮುದ್ರಿಕೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಕಾನೂನಿನ ದೃಷ್ಟಿಯಲ್ಲಿ ಒಡೆಯನಿಲ್ಲದ ಜಾನಪದಕ್ಕೂ ಲೋಕದ ದೃಷ್ಟಿಯಲ್ಲಿ ವಾರಸುದಾರರಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಈಗ ಭೀಮಾತೀರಕ್ಕೆ ಬರೋಣ. ಮಹಾರಾಷ್ಟ್ರದ ಅಕ್ಕಲಕೋಟೆ, ಉಮರ್ಗಾಗಳಿಗೆ ಹೊಂದಿಕೊಂಡ ಆಳಂದ. ಭೀಮಾ ಅಮರ್ಜಾ ಸಂಗಮವನ್ನೂ ದತ್ತಾತ್ರೇಯ ಕ್ಷೇತ್ರವಾದ ಗಾಣಗಾಪುರವನ್ನೂ ಉಳ್ಳ ಅಫಜಲಪುರ. ಅದರ ಕೆಳಗೆ ಅದೇ ನದಿಯ ನೀರನ್ನೂ ನೆರೆಯನ್ನೂ ಉಣ್ಣುವ ಜೇವರ್ಗಿ: ಈ ಮೂರು ಸೀಮೆಗಳ ಮಾತಿನಲ್ಲಿ ಕನ್ನಡದೊಡನೆ ಮರಾಠಿಯೂ ದಖನಿ ಉರ್ದುವೂ ನಿಸ್ಸಂಕೋಚವಾಗಿ ಬೆರೆತಿವೆ. ರ‍್ಯಾಪಿಗೆ ಈ ಮಾತು ಎಷ್ಟು ಒಗ್ಗತಕ್ಕದ್ದೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸಬಹುದು. ರ‍್ಯಾಪಿನ ತಾಳವು ನಾಲ್ಕು ಪೆಟ್ಟಿನ ಆವರ್ತ. ನಮ್ಮ ಛಂದಸ್ಸಿನ ಭಾಷೆಯಲ್ಲಿ ಅದು ಚತುರ್ಮಾತ್ರಾ ಗಣಗಳ ನಡಿಗೆ. ಪುಸ್ತಕದ ಕನ್ನಡದ ‘ಮಾಡುತ್ತಿದ್ದಾರೆ’ ಎಂಬುದೂ ಅಲ್ಲಿನ ‘ಮಾಡ್ಲಾಕತ್ತಾರ’ ಎಂಬುದೂ ಮಾತ್ರೆಯ ಎಣಿಕೆಯಲ್ಲಿ ಸಮವೇ. ಎರಡರಲ್ಲಿಯೂ ನಾಲ್ಕು ಗುರು, ಕೊನೆಗೊಂದು ಲಘು. ಆದರೆ ಗಣ ವಿಭಾಗ ಮಾಡಿದರೆ ಪುಸ್ತಕದ ರೂಪವು ‘ಮಾಡುತ್’ ಎಂದು ಒತ್ತಕ್ಷರದ ನಡುವೆ ಕಡಿದುಹೋಗುತ್ತದೆ. ಆಡುಮಾತಿನ ರೂಪವು ‘ಮಾಡ್ಲಾ, ಕತ್ತಾ’ ಎಂದು ತನ್ನ ಸಹಜವಾದ ಗಿಣ್ಣಿನಲ್ಲಿಯೇ ಮುರಿಯುತ್ತದೆ. ತಾಳದ ಪೆಟ್ಟು ಎರಡನೆಯ ಗಣದ ಆದಿಯಲ್ಲಿ ಬೀಳುವಾಗ ‘ಕತ್ತಾ’ ಎಂಬ ಒತ್ತು ಅದಕ್ಕೆ ಎದುರಾಗಿ ಬಂದು ನಿಲ್ಲುತ್ತದೆ. ಹೋಗ್ಲಾಕತ್ತಾರ, ಬರ್ಲಾಕತ್ತಾರ, ಕೇಳ್ಲಾಕತ್ತಾರ ಎಂದು ಒಂದರ ಹಿಂದೊಂದು ಪೋಣಿಸಿದರಂತೂ ಅಂತ್ಯಪ್ರಾಸವನ್ನು ಹುಡುಕಿಕೊಂಡು ಹೋಗುವ ಕಷ್ಟವೂ ಇಲ್ಲ. ನಮ್ಮ ಹಳೆಯ ಕವಿಗಳು ಪಾದಪಾದದ ಎರಡನೆಯ ಅಕ್ಷರದಲ್ಲಿ ಹುಡುಕುತ್ತಿದ್ದ ಪ್ರಾಸದ ಸುಖ ಇಲ್ಲಿ ಸಾಲಿನ ತುದಿಗೆ ಸರಿದಿದೆ, ಅಷ್ಟೆ. ಹೀಗಿರುವಲ್ಲಿ ಬೆಂಗಳೂರಿನ ಉಚ್ಚಾರಣೆಯನ್ನು ಅನುಕರಿಸುವ ಕಲಬುರಗಿಯ ಹುಡುಗನು ಕೈಯಲ್ಲಿದ್ದ ಚಿನ್ನವನ್ನು ಬಿಟ್ಟು ಹಿತ್ತಾಳೆಗೆ ಕೈಚಾಚಿದಂತಾಗುವುದಿಲ್ಲವೆ?

ಮಾತಿನ ಸೊಗಸಿಗಿಂತಲೂ ಹಿರಿದಾದುದು ಮಾತಿನ ಹೊಣೆ. ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದು ಈಗ ಯಡ್ರಾಮಿ ತಾಲ್ಲೂಕಿನಲ್ಲಿರುವ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರು, ಜನ್ಮದ ಕಾರಣ ಮುಂದೊಡ್ಡಿ ತಮ್ಮನ್ನು ಹೊರಗಿಟ್ಟ ಮತಸ್ಥರ ಡಾಂಭಿಕತೆಯನ್ನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಹು ನಿಷ್ಠುರವಾಗಿ ಹಾಡಿ ಬಯಲಿಗೆಳೆದರು. ಅವರ ಶಿಷ್ಯರಲ್ಲಿ ಜೇವರ್ಗಿ ಸೀಮೆಯ ಚನ್ನೂರಿನ ಜಲಾಲಸಾಹೇಬರು ಮುಸಲ್ಮಾನರು. ಇತರ ಜಾತಿಯ ಶಿಷ್ಯರೂ ಅನೇಕರಿದ್ದರು. ಏಕತಾರಿ, ದಮ್ಮಡಿಗಳ ಹೊರತು ಬೇರೆ ಬಂಡವಾಳವಿಲ್ಲದ ಈ ತತ್ವಪದಕಾರರಿಗೆ ರಾಜಾಶ್ರಯವಿರಲಿಲ್ಲ, ಮುದ್ರಣಾಲಯವಿರಲಿಲ್ಲ. ಹಾಡು ನಿಂತದ್ದು ಕೇಳಿದವರ ಕಂಠದಲ್ಲಿ. ಅವರ ಪದದ ಕೊನೆಯಲ್ಲಿ ಅಂಕಿತವುಂಟು. ರ‍್ಯಾಪರನೂ ಹಾಡಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುವ ವಾಡಿಕೆಯುಂಟು. ಭೇದವೆಂದರೆ, ರ‍್ಯಾಪರನು ಹೇಳುವುದು ತನ್ನ ಹೆಸರು; ತತ್ವಪದಕಾರನು ಬಹುವೇಳೆ ಹೇಳುವುದು ತನ್ನ ಗುರುವಿನ ಹೆಸರು. ಸುಳ್ಳಾಡಿದರೆ ಗುರುವಿಗೆ ಕಳಂಕ ಬರುವುದೆಂಬ ಭಯದಲ್ಲಿ ಕಟ್ಟಿದ ಪದಕ್ಕೂ, ಸುಳ್ಳಾಡಿದರೆ ವೀಕ್ಷಣೆ ಹೆಚ್ಚುವುದೆಂಬ ಆಸೆಯಲ್ಲಿ ಕಟ್ಟಿದ ಪದಕ್ಕೂ ಇರುವ ಅಂತರವು ಕೇಳುವ ಕಿವಿಗೆ ತಾನಾಗಿಯೇ ತಿಳಿಯುತ್ತದೆ.

ಇನ್ನು ಸ್ಪರ್ಧೆಯ ವಿಷಯ. ರ‍್ಯಾಪಿನಲ್ಲಿ ಇಬ್ಬರು ಎದುರುಬದುರು ನಿಂತು ಆಶುಪದ್ಯಗಳಿಂದ ಒಬ್ಬರನ್ನೊಬ್ಬರು ಹಳಿದು ಸೋಲಿಸುವ ಪದ್ಧತಿಯನ್ನು ಕಂಡು ಬೆರಗಾಗುವವರು, ಗೀಗೀ ಮೇಳದ ಹರದೇಶಿ ನಾಗೇಶಿ ವಾದವನ್ನು ಒಂದು ರಾತ್ರಿ ಕುಳಿತು ಕೇಳಬೇಕು. ಒಂದು ಮೇಳದಲ್ಲಿ ಮುಂದಾಳು ಗಾಯಕನು ದಪ್ಪನ್ನು ಎದೆಗೊತ್ತಿ ಹಿಡಿದು ಸಾಲನ್ನೆತ್ತುತ್ತಾನೆ; ಹಿಮ್ಮೇಳದವರಲ್ಲಿ ಒಬ್ಬನ ಕೈಯಲ್ಲಿ ತುಂತುಣಿ, ಮತ್ತೊಬ್ಬನ ಕೈಯಲ್ಲಿ ತಾಳ; ಸಾಲು ಮುಗಿಯುತ್ತಲೆ ಅವರು ‘ಗೀಗೀ’ ಎಂದು ಎಳೆದು ಸೊಲ್ಲು ಹಿಡಿಯುವಷ್ಟರಲ್ಲಿ ಮುಂದಾಳುವಿಗೆ ಮುಂದಿನ ಸಾಲನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳುವ ವ್ಯವಧಾನ ದೊರೆಯುತ್ತದೆ. ಹರದೇಶಿಯವರು ಪುರುಷನೇ, ಶಿವನೇ ಹೆಚ್ಚೆಂದು ವಾದಿಸಿದರೆ, ನಾಗೇಶಿಯವರು ಹೆಣ್ಣೇ, ಶಕ್ತಿಯೇ ಹೆಚ್ಚೆಂದು ಪ್ರತಿಪಾದಿಸುತ್ತಾರೆ. ಹಾಕಿದ ಸವಾಲಿಗೆ ಜವಾಬು ಕೊಡಲಾರದವನಿಗೆ ಸೋಲು. ಪುರಾಣದ ಆಧಾರ ತಪ್ಪಿದರೆ ಕಟ್ಟೆಯ ಮೇಲಿನ ಮುದುಕರು ಅಲ್ಲಿಯೇ ಅಡ್ಡಹಾಕುವರು. ಭೀಮೆಯ ಆಚೆ ದಂಡೆಯ ಸೀಮೆಯಲ್ಲಿ ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರರು ಬೆಳೆದದ್ದು ಇಂಥ ಕೇಳುಗರ ಮುಂದೆಯೇ. ತಿಳಿದ ಕೇಳುಗನ ಎದುರು ನಿಲ್ಲುವ ಧೈರ್ಯ ರ‍್ಯಾಪಿಗೂ ಬೇಕಾದ ಗುಣ.

ಆದರೆ ಹಳೆಯದೆಲ್ಲವೂ ಚೆನ್ನೆಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಹಲಸಂಗಿಯ ಗೆಳೆಯರು ಎಂದು ಹೆಸರಾದ ಸಾಹಿತ್ಯಾಸಕ್ತರ ಗುಂಪಿನವರು 1931ರಲ್ಲಿ ‘ಗರತಿಯ ಹಾಡು’ ಎಂಬ ತ್ರಿಪದಿಗಳ ಸಂಕಲನವನ್ನು ಪ್ರಕಟಿಸಿ ಕನ್ನಡಕ್ಕೆ ಮಹದುಪಕಾರ ಮಾಡಿದರು. ಅವರಿಲ್ಲದಿದ್ದರೆ ಆ ತ್ರಿಪದಿಗಳಲ್ಲಿ ಎಷ್ಟೋ ಬೀಸುಕಲ್ಲಿನ ಬಳಿಯೇ ಉಳಿದು ಅಳಿಯುತ್ತಿದ್ದವು. ಆದರೂ ಅವನ್ನು ಕಟ್ಟಿದ ಹೆಣ್ಣುಮಕ್ಕಳಿಗೆ ಅಂಕಿತವೂ ಇರಲಿಲ್ಲ, ಒಡೆತನವೂ ಇರಲಿಲ್ಲ. ಹಾಡು ಎಲ್ಲರದಾದಾಗ ಹಾಡಿದವಳು ಯಾರೂ ಅಲ್ಲದಂತಾಗುವ ಈ ಅಪಾಯವನ್ನು ತಪ್ಪಿಸುವುದಕ್ಕೆಂದೇ ಕಾನೂನು ಇದೆ. ಹೊಸ ರ‍್ಯಾಪರನು ಪ್ರಾಸವನ್ನು ಕಲಿತಷ್ಟೇ ಶ್ರದ್ಧೆಯಿಂದ ಅದನ್ನೂ ಕಲಿಯಬೇಕು.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಒಂದು ಹಾಡಿನಲ್ಲಿ ಹಲವು ಸ್ವಾಮ್ಯಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಸಾಹಿತ್ಯ ಬರೆದವನಿಗೂ ರಾಗ ಕೂಡಿಸಿದವನಿಗೂ ಇರುವ ಹಕ್ಕು ಅವರ ಜೀವಿತಕಾಲವೂ ಅನಂತರ 60 ವರ್ಷವೂ ಇರತಕ್ಕದ್ದು. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ತರುವಾಯ 60 ವರ್ಷ. 2012ರ ತಿದ್ದುಪಡಿಯು ಬಹು ಮುಖ್ಯವಾದ ಒಂದು ರಕ್ಷಣೆಯನ್ನು ಸೇರಿಸಿತು: ಕವಿಯೂ ಸಂಗೀತಕಾರನೂ ಹಕ್ಕನ್ನು ಕಂಪನಿಗೆ ಬರೆದುಕೊಟ್ಟಿದ್ದರೂ, ಮುಂದಿನ ಬಳಕೆಯಿಂದ ಬರುವ ಗೌರವಧನದಲ್ಲಿ ಅವರಿಗೆ ಸಮಪಾಲು ಉಂಟು. ಆ ಪಾಲನ್ನು ಸಂಗ್ರಹಿಸಿ ಹಂಚುವ ಕೆಲಸವನ್ನು 1969ರಲ್ಲಿ ಸ್ಥಾಪಿತವಾದ ಐಪಿಆರ್‌ಎಸ್ ಎಂಬ ಸಂಘವು ಮಾಡುತ್ತದೆ. ಸದಸ್ಯತ್ವ ಪಡೆಯದೆ, ಹಾಡನ್ನು ನಮೂದಿಸದೆ ಕುಳಿತವನಿಗೆ ಅದು ತಾನಾಗಿ ಬಂದು ಸೇರದು. ಗೆಳೆಯನು ಕೂಡಿಸಿಕೊಟ್ಟ ತಾಳಕ್ಕೆ ಹಾಡಿದ್ದರೆ ಆ ಗೆಳೆಯನ ಪಾಲೆಷ್ಟೆಂಬುದನ್ನು ಮೊದಲೇ ಕಾಗದದ ಮೇಲೆ ಬರೆದಿಡುವುದು ಒಳ್ಳೆಯದು; ಹಾಡು ಗೆದ್ದ ಮೇಲೆ ಬರೆಯಹೊರಟರೆ ಗೆಳೆತನ ಉಳಿಯುವುದು ಕಷ್ಟ.

ಕಂಪನಿಯ ಬದಲಿಗೆ ಈಗ ಹೊಸ ಮಧ್ಯವರ್ತಿಗಳು ಬಂದಿದ್ದಾರೆ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಮುಂತಾದ ವಿತರಕ ಸಂಸ್ಥೆಗಳು ಶುಲ್ಕವನ್ನೋ ಆದಾಯದ ಅಂಶವನ್ನೋ ಪಡೆದು, ಒಡೆತನವನ್ನು ಗಾಯಕನಲ್ಲಿಯೇ ಬಿಟ್ಟು, ಹಾಡನ್ನು ಜಗತ್ತಿನ ಪ್ರಮುಖ ವೇದಿಕೆಗಳಿಗೆ ತಲುಪಿಸುತ್ತವೆ. 2016ರಲ್ಲಿ ಜಿಯೋ ಬಂದು ಇಂಟರ್‌ನೆಟ್ಟು ಅಗ್ಗವಾದುದರಿಂದಲೂ, 2019ರಲ್ಲಿ ಸ್ಪಾಟಿಫೈ ನಮ್ಮ ದೇಶಕ್ಕೆ ಕಾಲಿಟ್ಟುದರಿಂದಲೂ ಮಾರುಕಟ್ಟೆಯ ಬಾಗಿಲು ಹಳ್ಳಿಗೂ ತೆರೆಯಿತು. ಆದರೆ ಬಾಗಿಲು ತೆರೆದಿರುವುದು ಬೇರೆ, ಒಳಗೆ ಊಟ ಬಡಿಸುವುದು ಬೇರೆ. ಇಂಥ ವೇದಿಕೆಯಲ್ಲಿ ಒಂದು ಕೇಳುವಿಕೆಗೆ ಇಷ್ಟೆಂಬ ನಿಯತವಾದ ದರವಿಲ್ಲ. ಸಂಗ್ರಹವಾದ ಒಟ್ಟು ಹಣವನ್ನು ಕೇಳುವಿಕೆಯ ಪ್ರಮಾಣಾನುಸಾರ ಹಂಚುತ್ತಾರೆ. ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿಗೆ 2024ರಿಂದ ಸ್ಪಾಟಿಫೈಯಲ್ಲಿ ಕಾಸಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಪಡೆಯಬೇಕಾದರೆ ಸಾಮಾನ್ಯವಾಗಿ 1000 ಚಂದಾದಾರರೂ ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆಯೂ ಆಗಬೇಕು. ಕಂಪನಿಯ ಯಜಮಾನನೊಡನೆ ಜಗಳವಾಡಬಹುದಾಗಿತ್ತು. ಯಾವ ಹಾಡನ್ನು ಮೇಲೆತ್ತಬೇಕು, ಯಾವುದನ್ನು ಮುಳುಗಿಸಬೇಕೆಂದು ನಿರ್ಣಯಿಸುವ ಗಣಕದ ಸೂತ್ರದೊಡನೆ ಜಗಳಕ್ಕೂ ಅವಕಾಶವಿಲ್ಲ.

ಆದುದರಿಂದ ಸ್ವತಂತ್ರ ಗಾಯಕನಿಗೆ ನಿಜವಾದ ಆಶ್ರಯವೆಂದರೆ ಅವನನ್ನು ಹೆಸರು ಹಿಡಿದು ಕೇಳುವ ಜನ. ಬೆಳಗಾವಿ ಸೀಮೆಯ ಮಾಳು ನಿಪನಾಳರಂಥ ಜಾನಪದ ಗಾಯಕರು ಯೂಟ್ಯೂಬಿನಿಂದಲೂ ಜಾತ್ರೆಯ ಕಾರ್ಯಕ್ರಮಗಳಿಂದಲೂ ಬೆಳೆದು ‘ಬಿಗ್ ಬಾಸ್’ ಮನೆಯವರೆಗೆ ಹೋದುದಕ್ಕೆ ಕಾರಣ ಇದೇ: ಟ್ರ್ಯಾಕ್ಟರಿನಲ್ಲಿ, ಕಬ್ಬಿನ ಗದ್ದೆಯಲ್ಲಿ, ಮದುವೆಯ ಮೆರವಣಿಗೆಯಲ್ಲಿ ಅವರ ಹಾಡನ್ನು ಹಾಕಿಕೊಳ್ಳುವ ಜನಸಮೂಹ ಅವರ ಬೆನ್ನಿಗಿತ್ತು.

ಆಳಂದ, ಅಫಜಲಪುರ, ಜೇವರ್ಗಿಗಳಿಂದ ಒಂದು ಆಲ್ಬಮ್ ಬರುವುದಾದರೆ ಅದಕ್ಕೆ ವಸ್ತುವಿನ ಕೊರತೆಯಿಲ್ಲ. 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿಗೆ ರಾಶಿಯ ಕಾಲದಲ್ಲಿ ಬೆಲೆ ಬಿದ್ದುಹೋಗುವ ಸಂಕಟ. ಸುಗ್ಗಿ ಮುಗಿದೊಡನೆ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಗುಳೆ ಹೋಗುವ ಕುಟುಂಬಗಳು. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಸೊನ್ನ ಬ್ಯಾರೇಜನ್ನು ದಾಟಿ ಬಂದು ಭೀಮೆಯ ದಂಡೆಯ ಹಳ್ಳಿಗಳನ್ನು ಮುಳುಗಿಸಿದುದು. ಆಳಂದದ ಲಾಡ್ಲೆ ಮಶಾಯಖರ ದರ್ಗಾಕ್ಕೆ ಎಲ್ಲ ಮತದವರೂ ನಡೆದುಕೊಂಡು ಬಂದ ರೂಢಿ. 2009ರಲ್ಲಿ ಆರಂಭವಾಗಿ ಅದೇ ತಾಲ್ಲೂಕಿನ ಕಡಗಂಚಿಯ ಬಯಲಿನಲ್ಲಿ ಎದ್ದುನಿಂತ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದೇಶದ ನಾನಾ ಕಡೆಗಳಿಂದ ಬಂದು ನೆರೆದ ತರುಣರು: ಇವುಗಳಲ್ಲಿ ಒಂದೊಂದೂ ಹದಿನಾರು ಆವರ್ತದ ಒಂದೊಂದು ಚರಣಕ್ಕೆ ಸಾಕಾಗುವಷ್ಟು ತಿರುಳುಳ್ಳದ್ದು. ಬಿಡಿಹಾಡಿಗೆ ಇಷ್ಟನ್ನು ಹೊರುವ ಶಕ್ತಿಯಿಲ್ಲ. ಕ್ಷಣದಲ್ಲಿ ಮನಸ್ಸನ್ನು ಹಿಡಿಯತಕ್ಕ ಒಂದು ಪಲ್ಲವಿಯನ್ನು ಬಯಸುವ ವ್ಯಾಪಾರಕ್ಕೆ ಬಿಡಿಹಾಡು ಸಾಕು. ಸ್ತುತಿಯಿಂದ ಮೊದಲಾಗಿ ವಾದದಲ್ಲಿ ಕಾವು ಏರಿ ಬೆಳಗಿನ ಜಾವಕ್ಕೆ ಮಂಗಳದಲ್ಲಿ ಮುಗಿಯುವ ಮೇಳದ ಕಟ್ಟನ್ನು ಬಲ್ಲ ಸೀಮೆಯವನಿಗೆ ಆಲ್ಬಮ್ಮಿನ ಕಟ್ಟು ಅಪರಿಚಿತವಾಗಲಾರದು. ಕಂಪನಿಯಿಂದ ಬಿಡುಗಡೆ ಹೊಂದಿದ ಗಾಯಕರು ಮತ್ತೆ ಮತ್ತೆ ಬಿಡಿಹಾಡನ್ನು ಬಿಟ್ಟು ಇಡಿಯ ಆಲ್ಬಮ್ಮಿಗೆ ಕೈಹಾಕುವುದೂ ಈ ಕಾರಣಕ್ಕಾಗಿಯೇ. ಅಲ್ಲಿ ಹೇಳುವುದನ್ನು ಪೂರ್ತಿಯಾಗಿ, ತಮ್ಮ ಕ್ರಮದಲ್ಲಿ ಹೇಳಬಹುದು.

ಇದಕ್ಕೆ ಊರೂ ಸ್ವಲ್ಪ ಕೈಜೋಡಿಸಬೇಕು. ಜಾತ್ರೆ ಉರುಸುಗಳಲ್ಲಿ ರಸಮಂಜರಿಗೆ ಹಣ ಸುರಿಯುವ ಸಮಿತಿಗಳು ಒಂದು ರಾತ್ರಿಯನ್ನು ಬೇರೆಯಾಗಿಟ್ಟು, ಒಂದು ಕಡೆ ಹಿರಿಯ ಗೀಗೀ ಮೇಳವನ್ನೂ ಇನ್ನೊಂದು ಕಡೆ ಊರಿನದೇ ರ‍್ಯಾಪ್ ಹುಡುಗರನ್ನೂ ನಿಲ್ಲಿಸಿ, ಒಂದೇ ವಿಷಯವನ್ನು ಕೊಟ್ಟು ಸವಾಲ್ ಜವಾಬ್ ನಡೆಸಲಿ. ಉಭಯರಿಗೂ ಸಂಭಾವನೆಯನ್ನು ಮೊದಲೇ ಗೊತ್ತುಮಾಡಿ ಅಂದೇ ಕೈಗೆ ಕೊಡಲಿ. ಮುದ್ರಿಸಿಕೊಂಡುದರ ಹಕ್ಕು ಹಾಡಿದವರದೇ ಎಂದು ಒಂದು ಸಾಲು ಬರೆದುಕೊಡಲಿ. ಮುದುಕರು ಹುಡುಗರ ತಪ್ಪನ್ನು ಹಿಡಿಯುವರು, ಹುಡುಗರು ಮುದುಕರಿಗೆ ಕಾಯಿದೆಯನ್ನು ಹೇಳುವರು; ಉಭಯತರಿಗೂ ಲಾಭವಾಗತಕ್ಕ ಈ ವ್ಯವಹಾರಕ್ಕೆ ಬೆಂಗಳೂರಿನ ಅಪ್ಪಣೆಯಾಗಲಿ ಕಂಪನಿಯ ಸಹಿಯಾಗಲಿ ಬೇಕಿಲ್ಲ.